ಹತ್ತರಿಂದ ಹತ್ತರವರೆಗೆ

"ಕಣ್ಣು ಮುಖದ ಮೇಲಿದ್ಯಾ, ಬೆನ್ನ ಮೇಲಿದ್ಯಾ ನಿಂದು? ಮುಂಡೇದೇ, ನಿನ್ನ ಇಟ್ಕೊಂಡಿರೋದು ಧೂಳು ಗುಡ್ಸೋಕಾ, ಧೂಳು ಸಾಕೋಕಾ?"

ಮೇಸ್ತ್ರಿ ಯಂತ್ರದ ಮುಚ್ಚಳದ ಮೇಲೆ ಉದ್ದಕ್ಕೂ ಬೆರಳೆಳೆದ. ಬೂದು ಬಣ್ಣಕ್ಕೆ ತಿರುಗಿದ ಆ ಬೆರಳನ್ನು ಒರೆಸಿಕೊಳ್ಳಲು ಆಚೀಚೆ ನೋಡಿದ. ಏನೂ ಸಿಗದೆ, ಎದುರಿಗೆ ನಿಂತಿದ್ದ ಗುಡಿಸುವವಳ ಹಣೆಗೆ ಒರೆಸಿದ. ಅವಳ ಎರಡು ಕೈಯಲ್ಲೂ ಪೊರಕೆಯಿತ್ತು. ಹಣೆ ಒರೆಸಿಕೊಳ್ಳಲು ಪೊರಕೆ ಕೆಳಗಿಡಬೇಕು, ಇಟ್ಟರೆ ಅದಕ್ಕೂ ಒಂದು ಮಾತು. ಹಾಗೇ ನಿಂತಿದ್ದಳು.

ಯಂತ್ರ ಬಂದು ಆಗ ಒಂದು ವಾರವಾಗಿತ್ತು. ಸಿಮೆಂಟ್ ಕಾರ್ಖಾನೆಯ ಗೇಟಿನ ಪಕ್ಕದ ಹಳೇ ಕಚೇರಿಯ ಮಾಳಿಗೆಯ ಮೇಲೆ, ಬೀರುವಿನಷ್ಟು ಎತ್ತರಕ್ಕೆ, ಪುಟ್ಟ ಮನೆಯಂತೆ ಇಳಿಜಾರು ಸೂರು ಹೊತ್ತು ನಿಂತಿತ್ತು. ಒಳಗೊಂದು ಫ್ಯಾನು ಗುಂಯ್ ಎನ್ನುತ್ತಿತ್ತು. ಗಾಳಿ ನೋಡುವ ಯಂತ್ರ ಅಂತ ಮಾತ್ರ ಅವಳಿಗೆ ಹೇಳಿದ್ದರು. ಮರುದಿನ ಸರ್ಕಾರದ ಕಚೇರಿಯವರು ಬರುವವರಿದ್ದರು. ಮೇಸ್ತ್ರಿ ಮೆಟ್ಟಿಲಿಳಿಯುತ್ತ ತಿರುಗಿ ಹೇಳಿದ: "ಒಳಗೂ ಹೊರಗೂ ಒಂದು ಚೂರು ಧೂಳು ಕಾಣ್ಬಾರ್ದು. ತಲೆಗೆ ಹೋಯ್ತಾ?"

ಹೋಯಿತು. ಅವಳು ಹೊರಗೆಲ್ಲ ಒರೆಸಿದಳು. ಆಮೇಲೆ ಸೂರಿನ ಮುಚ್ಚಳ ಎತ್ತಿದಳು. ಒಳಗೆ ಚೌಕಟ್ಟಿನ ಮಧ್ಯೆ ಒಂದು ದಪ್ಪ ಕಾಗದ. ಅಂಚು ಹಾಲಿನಂತೆ ಬಿಳಿ, ನಡುವೆಲ್ಲ ಬೂದು. ಬೇರೆಯವರ ಮನೆಯ ಕೊಳೆ ಹಾಸಿಗೆ ಕಣ್ಣಿಗೆ ಬಿದ್ದಂತೆ ಅವಳಿಗೇ ನಾಚಿಕೆಯಾಯಿತು. ಕಚೇರಿಯವರು ಬಂದು ಇದನ್ನು ನೋಡಿದರೆ ಇಲ್ಲಿ ಗುಡಿಸುವವರೇ ಇಲ್ಲವೇನೋ ಅಂದುಕೊಳ್ಳುವುದಿಲ್ಲವೇ? ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕೂಸಿನ ಮುಖ ಒರೆಸುವಂತೆ ಮೆತ್ತಗೆ, ಮೂಲೆಯಿಂದ ಮೂಲೆಗೆ ಒರೆಸಿದಳು. ಬೂದು ಹೋಯಿತು. ಪೂರ್ತಿ ಹೋಗಲಿಲ್ಲ, ಆದರೆ ಮರ್ಯಾದೆ ಉಳಿಯುವಷ್ಟು ಹೋಯಿತು.

ಅವತ್ತಿನಿಂದ ಅದೂ ಅವಳ ಕೆಲಸವಾಯಿತು. ಕಾಗದ ಬದಲಿಸಲು ಆ ಸರ್ಕಾರದ ಕಚೇರಿಯಿಂದ ಒಬ್ಬ ಹೆಂಗಸು ಬರುತ್ತಿದ್ದರು. ವಾರಕ್ಕೆರಡು ಸಲ, ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಹೊಸ ಕಾಗದ ಇಡುವರು, ಮರುದಿನ ಹತ್ತಕ್ಕೆ ತೆಗೆದುಕೊಂಡು ಹೋಗುವರು. ಇವಳು ಒಂಬತ್ತೂವರೆಗೆ ಮಾಳಿಗೆ ಹತ್ತಿ ಒರೆಸಿಟ್ಟು ಇಳಿಯುವಳು.

ಎರಡನೇ ತಿಂಗಳಲ್ಲಿ ಒಂದು ದಿನ ಒರೆಸುತ್ತಿರುವಾಗ ಮೇಸ್ತ್ರಿ ಮೇಲೆ ಬಂದ. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ. ಇನ್ನೇನು ಬೈಗುಳ ಬೀಳುತ್ತದೆ ಅಂತ ಅವಳು ಕುತ್ತಿಗೆ ಒಳಗೆಳೆದುಕೊಂಡಳು. ಅವನು ಏನೂ ಅನ್ನದೆ ಇಳಿದು ಹೋದ. ಎರಡು ದಿನ ಬಿಟ್ಟು ಕಾಗದದಲ್ಲಿ ಸುತ್ತಿದ ಏನನ್ನೋ ತಂದು ಕೊಟ್ಟ. ಬಿಚ್ಚಿದರೆ ಬ್ರಷ್ಷು. ಬಣ್ಣ ಹೊಡೆಯುವವರ ಬಿರುಸು ಬ್ರಷ್ಷಲ್ಲ, ಅಂಗೈಗೆ ಸವರಿದರೆ ಬೆಕ್ಕಿನ ಬಾಲ ಸವರಿದಂತಾಗುವ ಮೆತ್ತನೆಯದು.

"ಬಟ್ಟೇಲಿ ಬೇಡಮ್ಮ, ಕಾಗದ ಹರಿಯುತ್ತೆ. ಇದ್ರಲ್ಲಿ ಮಾಡು. ನಿಧಾನಕ್ಕೆ."

ಅಮ್ಮ ಅಂದಿದ್ದ. ಹನ್ನೊಂದು ವರ್ಷದಲ್ಲಿ ಆ ಗೇಟಿನೊಳಗೆ ಕೇಳದೆ ಅವಳಿಗೆ ಯಾರೂ ಏನೂ ಕೊಟ್ಟಿರಲಿಲ್ಲ. ಎಲ್ಲರೂ ಪೊರಕೆ ಅಂತಲೇ ಕರೆಯುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು. ಬ್ರಷ್ಷನ್ನು ಅಲ್ಲಿ ಬಿಟ್ಟರೆ ಯಾರಾದರೂ ಹಾರಿಸಿಯಾರು ಅಂತ ಮನೆಗೆ ತಂದು, ಕನ್ನಡಿಯ ಪಕ್ಕ ಅದಕ್ಕೇ ಒಂದು ಮೊಳೆ ಹೊಡೆಸಿ ನೇತುಹಾಕಿದಳು. ರಜೆಯ ದಿನ ತೊಳೆದು ನೆರಳಲ್ಲಿ ಒಣಗಿಸುತ್ತಿದ್ದಳು. ಮೊಳೆ ಹೊಡೆದವನು ಗಂಡ. ನನಗೆ ಇಷ್ಟು ಉಪಚಾರ ಮಾಡಿದ್ರೆ ನಾನೂ ಕೂದಲುದುರದೆ ಇರ್ತಿದ್ದೆ ಅಂದಿದ್ದ. ಆಗಿನ್ನೂ ಅವನು ನಿಂತು ಸುತ್ತಿಗೆ ಎತ್ತುತ್ತಿದ್ದ.

ಗಂಡ ಹತ್ತೊಂಬತ್ತು ವರ್ಷ ಚೀಲ ತುಂಬುವ ಕಡೆ ಇದ್ದವನು. ಕೊಳವೆಯ ಬಾಯಿಗೆ ಚೀಲ ಸಿಕ್ಕಿಸಬೇಕು, ತುಂಬಿದ ಕೂಡಲೇ ಎಳೆದು ಓಡುವ ಪಟ್ಟಿಯ ಮೇಲೆ ಎಸೆಯಬೇಕು, ಇನ್ನೊಂದು ಸಿಕ್ಕಿಸಬೇಕು. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೂಗಿನ ಕೂದಲು ಎಲ್ಲ ಒಂದೇ ಬಣ್ಣ. ನಗುವಾಗ ಮಾತ್ರ ಬಾಯಿ ಕೆಂಪಗೆ ಕಾಣುತ್ತಿತ್ತು. ಈಗ ಆರು ತಿಂಗಳಿಂದ ಮಂಚ ಬಿಟ್ಟಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ. ಕಾರ್ಖಾನೆಯ ಸಾಲುಮನೆಗಳಲ್ಲಿ ಕೊನೆಯದು ಅವರದು. ಸೂರಿನ ತಗಡಿನ ಮೇಲೆ ವರ್ಷಗಳ ಧೂಳು ಕೂತು, ಮಂಜಿಗೆ ನೆನೆದು ಗಟ್ಟಿಯಾಗಿ, ತಗಡೇ ಹೊಟ್ಟೆಬಿಟ್ಟಂತೆ ಕೆಳಗೆ ಬಾಗಿತ್ತು. ಆ ಸಾಲಿನ ಯಾವ ಮನೆಯಲ್ಲೂ ಪಾತ್ರೆಯನ್ನು ಬಾಯಿ ಮೇಲಾಗಿ ಇಡುವುದಿಲ್ಲ. ನೀರು ಕುಡಿದು ಲೋಟ ಕೆಳಗಿಡುವ ಕೈ ತಾನೇ ತಿರುಗಿ ಬೋರಲು ಹಾಕುತ್ತದೆ. ನಡೆಯಲು ಕಲಿತ ಮಕ್ಕಳೂ ಹಾಗೇ ಇಡುತ್ತವೆ.

ಕಾರ್ಖಾನೆಯ ಆಸ್ಪತ್ರೆಗೆ ಅವನನ್ನು ಕೈಗಾಡಿಯಲ್ಲಿ ಕೂರಿಸಿ ಕರೆದುಕೊಂಡು ಹೋದಳು. ಡಾಕ್ಟರು ಅವನ ಎದೆಯ ಚಿತ್ರವನ್ನು ಕಿಟಕಿಗೆ ಹಿಡಿದು ನೋಡಿ ಕೆಳಗಿಟ್ಟರು. ದಿನಕ್ಕೆಷ್ಟು ಸಿಗರೇಟು ಅಂತ ಕೇಳಿದರು. ಸೇದುವುದಿಲ್ಲ ಅಂದ. ಡಾಕ್ಟರು ಪೆನ್ನಿನಿಂದ ಗೋಡೆ ತೋರಿಸಿದರು. ಅಲ್ಲೊಂದು ದೊಡ್ಡ ಹಾಳೆ, ಅದರ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ, ಗೆರೆಯ ಕೆಳಗೆ ತಿಂಗಳಿಗೊಂದು ಹಸಿರು ಕಂಬ. ಯಾವ ಕಂಬವೂ ಕೆಂಪನ್ನು ಮುಟ್ಟಿರಲಿಲ್ಲ.

"ಪೇಟೆಗಿಂತ ಇಲ್ಲಿನ ಗಾಳಿ ಚೊಕ್ಕಟವಾಗಿದೆ. ಮಾಳಿಗೆ ಮೇಲಿನ ಯಂತ್ರ ಹೇಳ್ತಿದೆ. ಯಂತ್ರ ಸುಳ್ಳು ಹೇಳಲ್ಲ, ಹೇಳೋರು ನೀವು. ಎಷ್ಟು ಸೇದ್ತಿದ್ದೆ?"

ತನ್ನ ಯಂತ್ರದ ಮಾತು ಬಂದದ್ದಕ್ಕೆ ಅವಳಿಗೆ ಆ ಹೊತ್ತಿನಲ್ಲೂ ಒಳಗೊಳಗೇ ಒಂದು ಹೆಮ್ಮೆ ಸುಳಿದು ಹೋಯಿತು. ಚೊಕ್ಕಟವಾಗಿಟ್ಟವಳು ತಾನು. ಗಂಡ ಮತ್ತೆ ಇಲ್ಲ ಅಂದ. ಮೂರನೇ ಸಲ ಕೇಳಿದಾಗ ಅವನಿಗೆ ಉಸಿರಿರಲಿಲ್ಲ, ಸುಮ್ಮನಾದ. ಡಾಕ್ಟರು ಚೀಟಿಯಲ್ಲಿ ಧೂಮಪಾನ ಅಂತ ಬರೆದರು. ಮದ್ದು ಕೊಡುವ ಮುದುಕ ಮಾತ್ರ ತನ್ನ ಸ್ಟೂಲನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, ಕೂತ್ಕೊಳಪ್ಪ, ಅವಸರ ಇಲ್ಲ ಅಂದ. ಸಾಲಿನಲ್ಲಿದ್ದ ಉಳಿದವರಿಗೆಲ್ಲ ತಾನು ನಿಂತೇ ಮದ್ದು ಕೊಟ್ಟ.

ಹೊರಗೆ ಬಂದು ಗಾಡಿಯಲ್ಲಿ ಕೂತ ಮೇಲೆ ಗಂಡ ಅಂದ: "ಏ ಇವಳೇ, ಒಂದು ಪ್ಯಾಕ್ ಸಿಗರೇಟು ತಂದ್ಕೊಡೇ. ಹೆಸರಂತೂ ಬಂದಾಯ್ತು, ಸುಖ ಯಾಕೆ ಬಿಡ್ಲಿ."

ಅವಳು ಗಾಡಿ ತಳ್ಳಿದಳು.

ಕಾಗದದ ಮೇಡಂ ಐವತ್ತರ ಹತ್ತಿರದವರು. ಮಾಳಿಗೆ ಹತ್ತುವಾಗ ಮೂಗು ಬಾಯಿಗೆ ಬಿಳಿ ಮುಸುಕು ಕಟ್ಟಿಕೊಂಡಿರುತ್ತಿದ್ದರು, ಇವಳು ಎದುರಾದರೆ ಅದನ್ನು ಗದ್ದಕ್ಕೆ ಇಳಿಸಿ ಮಾತಾಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಮಾತಾಡಿದರೆ ಇವಳಿಗೆ ಬೇಸರವಾದೀತು ಅಂತ ಅವರ ಲೆಕ್ಕ. ತಮ್ಮ ಬಾಟಲಿಯ ನೀರಿನಲ್ಲಿ ಅರ್ಧ ಇವಳ ಲೋಟಕ್ಕೆ ಸುರಿಯುತ್ತಿದ್ದರು. ಒಂದು ಮಂಗಳವಾರ ತಮ್ಮ ಮಗಳ ಶಾಲೆಗೆ ರಜೆಯಿದ್ದದ್ದರಿಂದ ಮೇಡಂ ಅರ್ಧ ಗಂಟೆ ಮುಂಚೆಯೇ ಬಂದರು. ಮಾಳಿಗೆಯ ಬಾಗಿಲಲ್ಲಿ ನಿಂತುಬಿಟ್ಟರು.

"ಏನಮ್ಮ ಮಾಡ್ತಿದ್ದೀರಾ?"

"ಬನ್ನಿ ಮೇಡಂ. ಆಯ್ತು. ಈ ಮೂಲೇಲಿ ಚೂರು ಉಳ್ಕೊಂಡಿದೆ, ಒಂದೇ ನಿಮಿಷ."

ಮೇಡಂ ಮಾಳಿಗೆಯ ಗೋಡೆಯ ಮೇಲೆ ಕೂತರು. ಗೋಡೆಯ ಮೇಲೆ ಧೂಳಿತ್ತು, ಇವಳು ಒರೆಸುತ್ತೇನೆ ಅನ್ನುವಷ್ಟರಲ್ಲಿ ಕೂತಾಗಿತ್ತು. ಯಾವಾಗಿನಿಂದ ಅಂತ ಕೇಳಿದರು.

"ಯಂತ್ರ ಬಂದಾಗಿಂದ. ಎರಡು ವರ್ಷ ಆಯ್ತು. ಒಂದು ಸಲಾನೂ ತಪ್ಪಿಸಿಲ್ಲ ಮೇಡಂ. ನಮ್ಮಕ್ಕ ಹೋದ ದಿನಾನೂ ಬಂದು ಒರೆಸಿಟ್ಟು, ಆಮೇಲೆ ಮಣ್ಣಿಗೆ ಹೋದೆ."

ಮೇಡಂ ಬೈಯಲಿಲ್ಲ. ಬಾಟಲಿ ತೆಗೆದು ಎಂದಿನಂತೆ ಅರ್ಧ ನೀರು ಕೊಟ್ಟರು, ಅವಳು ಕುಡಿಯುವವರೆಗೆ ಕಾದರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಕಾಗದವನ್ನು ಇಲ್ಲಿಗೆ ತರುವ ಮುಂಚೆ ತೂಕ ಮಾಡುತ್ತಾರೆ. ಹತ್ತರಿಂದ ಹತ್ತರವರೆಗೆ ಫ್ಯಾನು ಈ ಊರಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತದೆ, ಮನುಷ್ಯ ಎಳೆದುಕೊಳ್ಳುವ ಹಾಗೆ. ಒಯ್ದು ಮತ್ತೆ ತೂಕ ಮಾಡುತ್ತಾರೆ. ಹೆಚ್ಚಾದ ತೂಕ ಎಷ್ಟೋ ಅಷ್ಟು ಧೂಳು. ಅದನ್ನು ಕಾರ್ಖಾನೆಯ ಪರವಾನಗಿಯ ಕಡತಕ್ಕೆ ಸೇರಿಸುತ್ತಾರೆ. ಅವಳು ಒರೆಸಿ ಚೆಲ್ಲುತ್ತಿದ್ದುದು ಅದನ್ನೇ.

ಅವಳು ಒಂದೇ ಮಾತು ಕೇಳಿದಳು. "ಡಾಕ್ಟ್ರ ರೂಮಲ್ಲಿ ಹಸಿರು ಕಂಬ ಇದೆಯಲ್ಲ ಮೇಡಂ. ಅದೂ ಇದೇನಾ?"

"ಇದೇ ಅಮ್ಮ."

ಬ್ರಷ್ಷು ಕೊಟ್ಟವರು ಯಾರು ಅಂತ ಮೇಡಂ ಕೇಳಿದರು. ಹೇಳಿದಳು. ಫ್ಯಾನು ಗುಂಯ್ ಎನ್ನುತ್ತಿತ್ತು.

ಶುಕ್ರವಾರ ತೆಗೆದ ಕಾಗದವನ್ನು ಅವಳು ಮುಟ್ಟಿರಲಿಲ್ಲ. ಅದು ಒಲೆಯ ಹಿಂದಿನ ಗೋಡೆಯಂತೆ ಆಗಿತ್ತು. ಕೆಂಪು ಗೆರೆಯ ನಾಲ್ಕು ಪಟ್ಟು ತೂಗಿತು ಅಂತ ಮೇಡಂ ಮುಂದಿನ ವಾರ ಹೇಳಿದರು. ಮೇಲಿನವರಿಗೆ ಬರೆದುಕೊಟ್ಟಿದ್ದರಂತೆ. ಒಂದು ದಿನದ ಲೆಕ್ಕ ಯಂತ್ರದ ದೋಷ, ಎರಡು ವರ್ಷದ್ದು ದಾಖಲೆ, ಕಡತ ಆಗಲೇ ಮುಂದೆ ಹೋಗಿದೆ ಅಂತ ಉತ್ತರ ಬಂದಿತ್ತು. ಸಿಮೆಂಟಿನ ಕಲ್ಲು ಸುಡುವ ಎರಡನೇ ಭಟ್ಟಿಗೆ ಅನುಮತಿ ಕೇಳಿ ಹೋದ ಕಡತ ಅದು. ಊರವರ ಅಭಿಪ್ರಾಯ ಕೇಳುವ ಸಭೆ ಮುಂದಿನ ಗುರುವಾರ ಹತ್ತು ಗಂಟೆಗೆ, ಸಾಲುಮನೆಗಳ ಪಕ್ಕದ ಶಾಲೆಯ ಅಂಗಳದಲ್ಲಿ. ಅಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು, ಅದು ಕಾನೂನು ಅಂತ ಮೇಡಂ ಅಂದರು. ಅನ್ನುವಾಗ ಇವಳ ಮುಖ ನೋಡಲಿಲ್ಲ, ಇವಳ ಸೊಂಟದಲ್ಲಿದ್ದ ಬ್ರಷ್ಷನ್ನು ನೋಡುತ್ತಿದ್ದರು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡು, ವಾರಕ್ಕೆ ಎರಡು ಅಂದರೆ ಎಷ್ಟು ಸಲ ಆಯಿತು ಅಂತ ಕೇಳಿದ. ಇನ್ನೂರಕ್ಕೆ ಕಮ್ಮಿಯಿಲ್ಲ ಅಂದಳು.

"ಒಂದು ಕಂಬಾನೂ ಗೆರೆ ಮುಟ್ಟಿಲ್ಲ. ಚೆನ್ನಾಗೇ ಒರೆಸಿದ್ದೀಯ ಬಿಡು," ಅಂದ. ಆಮೇಲೆ, "ಬೆನ್ನು ನೀವು," ಅಂದ.

ನೀವಿದಳು. ಅಂಗೈಯಡಿ ಅವನ ಬೆನ್ನಿನ ಎಲುಬುಗಳು ಒಂದೊಂದೇ ಸಿಕ್ಕುತ್ತಿದ್ದವು. ಮಂಚದ ತಲೆಯ ಕಡೆಗೆ ಕಿಟಕಿ, ಕಿಟಕಿಯ ಆಚೆ ಖಾಲಿ ಬಯಲು. ಬಯಲಲ್ಲಿ ಆಗಲೇ ಕೆಂಪು ಚಿಂದಿ ಕಟ್ಟಿದ ಗೂಟ ನೆಟ್ಟಿದ್ದರು. ಮೊದಲ ಭಟ್ಟಿ ಊರಿನ ಆ ತುದಿಯಲ್ಲಿತ್ತು. ಎರಡನೆಯದು ಇಲ್ಲಿ. ಅವಳು ಹೆಜ್ಜೆ ಹಾಕಿ ಎಣಿಸಿದ್ದಳು, ಅವನ ದಿಂಬಿನಿಂದ ಮೊದಲ ಗೂಟಕ್ಕೆ ನಲವತ್ತು ಹೆಜ್ಜೆ.

ಮೇಸ್ತ್ರಿ ಮನೆಮನೆಗೆ ಬಂದು ಚೀಟಿ ಹಂಚಿದ. ಸಭೆಯಲ್ಲಿ ಹೇಳಲು ಒಬ್ಬೊಬ್ಬರಿಗೆ ಒಂದೊಂದು ಸಾಲು. ನಮಗೆ ಏನೂ ತೊಂದರೆ ಇಲ್ಲ ಅಂತ ಒಬ್ಬರದು, ಕೆಲಸ ಸಿಗುತ್ತದೆ ಅಂತ ಇನ್ನೊಬ್ಬರದು. ಓದಲು ಬಾರದವರಿಗೆ ಬಾಯಿಪಾಠ ಮಾಡಿಸಿದ. ಚೀಟಿಯಲ್ಲಿ ಇಲ್ಲದ ಮಾತು ಆಡಿದವರ ಪಾತ್ರೆ ಅದೇ ದಿನ ಬೀದಿಗೆ ಅಂತಲೂ ಹೇಳಿದ. ಅವಳ ಬಾಗಿಲಿಗೆ ಬಂದಾಗ ಚೀಟಿ ಕೊಡಲಿಲ್ಲ. ನಿನಗೆ ಮೇಜಿನ ಕೆಲಸ ಅಂದ.

ನಾನೂ ಒಂದು ಮಾತು ಆಡಬೇಕು ಅಂದಳು ಅವಳು.

"ಪೊರಕೆಗೂ ಬಾಯಿ ಬಂತಾ?" ಅಂತ ನಕ್ಕ. ಕಾಗದದ ವಿಷಯ ಅಂದಾಗ ನಗು ನಿಲ್ಲಿಸಿ ಹತ್ತಿರ ಬಂದ. ದನಿ ಏರಿಸಲೇ ಇಲ್ಲ. "ಒರೆಸಿದ್ದು ಯಾರು? ನಾನಾ? ಎದ್ದು ಹೇಳು, ಬೇಡ ಅನ್ನಲ್ಲ. ಸರ್ಕಾರದ ಯಂತ್ರ ಕೆಡಿಸಿದೋಳು ಅಂತ ನಿನ್ನ ಜುಟ್ಟು ಹಿಡ್ದು ಎಳ್ಕೊಂಡು ಹೋಗ್ತಾರೆ." ಅವನ ಕಣ್ಣು ಒಳಗೆ ಕನ್ನಡಿಯ ಪಕ್ಕಕ್ಕೆ ಹೋಯಿತು. "ಬ್ರಷ್ ಯಾರ ಮನೆ ಗೋಡೆ ಮೇಲಿದೆ ನೋಡ್ಕೋ."

ಮಂಚದಿಂದ ಗಂಡ ಕೆಮ್ಮಿದ. ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದು, ಕರವಸ್ತ್ರವನ್ನು ಮೂಗಿಗಿಟ್ಟುಕೊಂಡು ಹೋದ.

ಬುಧವಾರ ಬೆಳಿಗ್ಗೆಯೇ ಶಾಲೆಯ ಅಂಗಳದಲ್ಲಿ ಮೇಜು ಜೋಡಿಸಿದರು. ವ್ಯವಸ್ಥೆಯನ್ನು ದೊಡ್ಡವರು, ಅಂದರೆ ಮ್ಯಾನೇಜರು, ಒಂದು ದಿನ ಮುಂಚೆಯೇ ಕಣ್ಣಾರೆ ನೋಡಬೇಕಿತ್ತು. ಮೇಜಿನ ಮೇಲೆ ಹೊಸ ಬಟ್ಟೆ, ಕಣ್ಣು ಕುಕ್ಕುವಷ್ಟು ಬಿಳಿ. ಅವಳು ನಾಲ್ಕು ಮೂಲೆಯನ್ನೂ ಎಳೆದು ಸುಕ್ಕಿಲ್ಲದಂತೆ ಹಾಸಿದಳು. ಅಧಿಕಾರಿಗಳ ಹೆಸರಿನ ಹಲಗೆಗಳನ್ನು ಇಟ್ಟಳು. ಐದು ಸ್ಟೀಲಿನ ಲೋಟ ತೊಳೆದು ತಂದು, ಸಾಲುಮನೆಯ ಕೈ ಮಾಡುವಂತೆ, ಐದನ್ನೂ ಬೋರಲಾಗಿ ಇಟ್ಟಳು. ಶಾಲೆಯ ಗಡಿಯಾರದಲ್ಲಿ ಆಗ ಹತ್ತು.

ದೊಡ್ಡವರು ಕಾರಿನಿಂದಿಳಿಯದೆ ನೋಡಿ ತಲೆಯಾಡಿಸಿದರು. ಮೇಸ್ತ್ರಿ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ ತಂದು ಅವಳ ಮೇಲೆಸೆದ. ಮೇಜಿನ ಮೇಲೆಲ್ಲ ಮುಚ್ಚು, ನಾಳೆ ನಾವು ಬರೋ ಹೊತ್ತಿಗೆ ತೆಗೆದು ಒರೆಸಿರು, ಒಂದು ಕಲೆ ಕಂಡ್ರೂ ನಿನ್ನ ಚರ್ಮ ಹಾಸ್ತೀನಿ ಅಂದ. ಅಧಿಕಾರಿಗಳನ್ನು ಕರೆತರಲು ಅವನು ಅವತ್ತೇ ಪೇಟೆಗೆ ಹೋಗಬೇಕಿತ್ತು. ಹೋದ.

ಅವಳು ಹಾಳೆಯನ್ನು ಎಂಟು ಮಡಿಕೆ ಮಡಿಸಿದಳು. ಶಾಲೆಯ ಮೆಟ್ಟಿಲ ಮೇಲಿಟ್ಟು ಅದರ ಮೇಲೆ ಕೂತಳು.

ಅದು ದಿನದಿನದ ಕೆಲಸದಷ್ಟೇ ಸುಲಭವಾಗಿತ್ತು. ಕಾಗೆ ಬಂದರೆ ಓಡಿಸಿದಳು. ನಾಯಿ ಬಂದರೆ ಹಚಾ ಅಂದಳು. ಮಧ್ಯಾಹ್ನ ಪಕ್ಕದ ಮನೆಯವಳಿಂದ ಗಂಡನಿಗೆ ಊಟ ಕೊಡಿಸಿದಳು. ಸಂಜೆ ಪಾಳಿ ಬದಲಾಗಿ ಜನ ಹಾದುಹೋಗುವಾಗ ಪಕ್ಕದ ಮನೆಯವಳು ಬಂದು, ಅಯ್ಯೋ ಬಿಳೀ ಬಟ್ಟೆ ಅಂತ, ಮನಸ್ಸು ತಡೆಯದೆ ಬಗ್ಗಿ ಊದಲು ಹೊರಟಳು.

"ಊದಬೇಡ ಅಕ್ಕ."

ಪಕ್ಕದ ಮನೆಯವಳು ಬಟ್ಟೆ ನೋಡಿದಳು, ಬೋರಲು ಲೋಟಗಳನ್ನು ನೋಡಿದಳು, ಮಡಿಸಿದ ಹಾಳೆಯ ಮೇಲೆ ಕೂತಿದ್ದವಳನ್ನು ನೋಡಿದಳು. ಮನೆಗೆ ಹೋಗಿ ಒಂದು ಹೊದಿಕೆ ತಂದುಕೊಟ್ಟಳು. ಬೆಳಗಾಗುವ ಹೊತ್ತಿಗೆ ಅವಳೂ ಬಂದು ಮೇಜಿನ ಆ ತುದಿಯಲ್ಲಿ ನಿಂತಿದ್ದಳು, ಮಕ್ಕಳು ಹತ್ತಿರ ಬಾರದ ಹಾಗೆ.

ಗುರುವಾರ ಬೆಳಿಗ್ಗೆ ಆರಕ್ಕೆ ಚಿಮಣಿಯ ಹೊಗೆ ನಿಂತಿತು. ಸಭೆಯಿದ್ದ ದಿನ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆಕಾಶ ತಿಳಿಯಾಯಿತು. ಬೆಂಚುಗಳ ಮೇಲೆ ಸಾಲುಮನೆಯವರು ಚೀಟಿ ಹಿಡಿದು ಕೂತರು. ಗಂಡನನ್ನು ಇಬ್ಬರು ಕೈಗಾಡಿಯಲ್ಲಿ ತಂದು ಮುಂದಿನ ಸಾಲಿನ ಪಕ್ಕದಲ್ಲಿ ನಿಲ್ಲಿಸಿದರು. ಕಾಗದದ ಮೇಡಂ ಕೊನೆಯ ಬೆಂಚಿನ ತುದಿಯಲ್ಲಿದ್ದರು.

ಹತ್ತಕ್ಕೆ ಸರಿಯಾಗಿ ಕಾರುಗಳು ಬಂದವು. ಮೇಸ್ತ್ರಿ ಬಾಗಿಲು ತೆಗೆಯುತ್ತ, ಕುರ್ಚಿ ಎಳೆಯುತ್ತ ಓಡಾಡುತ್ತಿದ್ದ. ಅಧಿಕಾರಿಗಳಲ್ಲಿ ಹಿರಿಯರಾದ ಸಾಹೇಬರು ಮಧ್ಯದ ಕುರ್ಚಿಯಲ್ಲಿ ಕೂತರು. ಬೂದು ಬಟ್ಟೆ ಹಾಸಿದ್ದು ಒಳ್ಳೆಯದಾಯಿತು, ಬಿಸಿಲಿಗೆ ಕಣ್ಣು ಚುಚ್ಚುವುದಿಲ್ಲ ಅಂತ ಪಕ್ಕದವರಿಗೆ ಹೇಳಿದರು. ಆಗ ಮೇಸ್ತ್ರಿ ಮೇಜಿನ ಕಡೆ ತಿರುಗಿದ. ಅವನ ಬಾಯಿ ಅರ್ಧ ತೆರೆದು ಹಾಗೇ ನಿಂತಿತು.

ಸಾಹೇಬರಿಗೆ ಬಾಯಾರಿತ್ತು. ಬೋರಲಿದ್ದ ಲೋಟವನ್ನು ಎತ್ತಿದರು.

ಎತ್ತಿದ ಜಾಗದಲ್ಲಿ ದುಂಡಗೆ ಒಂದು ಬಿಳುಪು ಉಳಿಯಿತು.

ಸಾಹೇಬರು ಅದನ್ನು ನೋಡಿದರು. ತಮ್ಮ ಹೆಸರಿನ ಹಲಗೆಯನ್ನು ಒಂದಿಷ್ಟು ಸರಿಸಿದರು. ಅದರಡಿಯೂ ಪಟ್ಟಿಯಂತೆ ಬಿಳುಪು. ಮೊಣಕೈ ಎತ್ತಿ ನೋಡಿಕೊಂಡರು. ಅಂಗಿಯ ತೋಳು ಬೂದಾಗಿತ್ತು. ಬೆಂಚುಗಳಲ್ಲಿ ಯಾರೂ ಕೆಮ್ಮಲಿಲ್ಲ. ಅಲ್ಲಿ ಅದು ಅಪರೂಪ.

ಮೇಸ್ತ್ರಿ ಹಲ್ಲು ಕಚ್ಚಿಕೊಂಡು, ನಗುಮುಖದಲ್ಲೇ ಉಸುರಿದ: "ಏಯ್ ಪೊರಕೆ. ಒರೆಸೇ. ಒರೆಸೇ ಬೋಳಿಮಗಳೇ."

ಅವಳು ಮೆಟ್ಟಿಲಿನಿಂದ ಎದ್ದಳು. ಮಡಿಲಲ್ಲಿದ್ದ ಬ್ರಷ್ಷು ಹಿಡಿದು ಮೇಜಿನ ಹತ್ತಿರ ಬಂದಳು. ಮೇಸ್ತ್ರಿಯ ಹೆಗಲು ಸಡಿಲವಾಯಿತು. ಅವಳು ಬ್ರಷ್ಷನ್ನು ಸಾಹೇಬರ ಮುಂದೆ, ದುಂಡನೆಯ ಬಿಳುಪಿನ ಪಕ್ಕ ಇಟ್ಟಳು.

"ಮಾಳಿಗೆ ಮೇಲಿನ ಕಾಗದಾನ ಎರಡು ವರ್ಷ ಇದ್ರಲ್ಲಿ ಒರೆಸಿದ್ದು ನಾನು ಸ್ವಾಮಿ. ಕೊಟ್ಟಿದ್ದು ಈ ಮೇಸ್ತ್ರಿಯವರು. ಈ ಬಟ್ಟೆ ನಿನ್ನೆ ಹತ್ತಕ್ಕೆ ಹಾಸಿದ್ದು. ಇದನ್ನ ಒರೆಸಿಲ್ಲ."

ಹೇಳಿ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿ ನಿಂತಳು. ಕೈಗಾಡಿಯಿಂದ ಗಂಡ ಅವಳ ಬೆನ್ನನ್ನು ನೋಡುತ್ತಿದ್ದ. ಕೊನೆಯ ಬೆಂಚಿನಲ್ಲಿ ಮೇಡಂ ಮುಸುಕನ್ನು ಗದ್ದಕ್ಕೆ ಇಳಿಸಿ ಎದ್ದು ನಿಂತರು. ಪಕ್ಕದ ಮನೆಯವಳು ತನ್ನ ಚೀಟಿಯನ್ನು ಮಡಿಸಿದಳು, ಇನ್ನೊಂದು ಮಡಿಕೆ ಮಡಿಸಿದಳು, ಮತ್ತೊಂದು.

ನಡಾವಳಿ ಬರೆಯುವ ಗುಮಾಸ್ತ ಪೆನ್ನು ಎತ್ತಿ ಹಿಡಿದಿದ್ದ. ಸರ್, ಇದನ್ನ ಏನಂತ ಬರ್ಕೊಳ್ಲಿ ಅಂತ ಕೇಳಿದ.

ಸಾಹೇಬರ ಕೈಯಲ್ಲಿ ಖಾಲಿ ಲೋಟ ಇನ್ನೂ ಇತ್ತು. ಅದನ್ನು ತಿರುಗಿಸಿ ಬೋರಲು ಮಾಡಿ, ಮೆಲ್ಲಗೆ, ಆ ಬಿಳುಪಿನ ಮೇಲೇ ವಾಪಸ್ಸು ಇಟ್ಟರು. ಸರಿಯಾಗಿ ಕೂರಲಿಲ್ಲ. ಒಂದು ಅಂಚಿನಲ್ಲಿ ಕತ್ತರಿಸಿದ ಉಗುರಿನಷ್ಟು ಬಿಳಿ ಹೊರಗೇ ಉಳಿಯಿತು. ಬೆರಳಿನಿಂದ ಲೋಟವನ್ನು ಇನ್ನೊಂದು ಸ್ವಲ್ಪ ತಳ್ಳಿದರು. ಆಗ ಇನ್ನೊಂದು ಅಂಚಿನಲ್ಲಿ ಕಂಡಿತು.